ವಾಡಿಯ ವಿಠೋಬಾ ಮತ್ತು ದೊಡ್ಡ ಮೈಯ ಅಂಗಿ

ವಾಡಿ ಬಜಾರಿನಲ್ಲಿ ಅಬ್ದುಲ್ ಗನಿಯ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಇಪ್ಪತ್ತೈದು ವರ್ಷ ಹೊಲಿಗೆ ಹಾಕಿದ ವಿಠೋಬಾ ಕಳೆದ ಮಾಘದಲ್ಲಿ ತೀರಿಕೊಂಡ. ಐವತ್ತಮೂರೋ ಐವತ್ತನಾಲ್ಕೋ ವಯಸ್ಸು. ಎದೆ ಹಿಡಿದುಕೊಂಡಿತೆಂದು ಹೇಳಿ ಮಷೀನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಅವನ ಮಾತು ಬಂದರೆ ಬಜಾರಿನವರು ಈಗಲೂ ಸಾಹೇಬನ ಅಂಗಿಯ ಕಥೆ ಹೇಳುತ್ತಾರೆ. ಆ ಅಂಗಿ ಹೊಲಿದದ್ದು ನಿಜ. ಆದರೆ ಅದರ ನಂತರ ನಡೆದದ್ದನ್ನು ಹೇಳುವವರು ಕಡಿಮೆ, ನೆನಪಿದ್ದವರೂ ಅರ್ಧಕ್ಕೇ ನಿಲ್ಲಿಸುತ್ತಾರೆ.

ವಿಠೋಬಾ ಮಳಖೇಡದ ಊರ ಹೊರಗಿನ ಕೇರಿಯವನು. ಅಂದಿನ ದಿನಗಳಲ್ಲಿ ಕೇರಿಯವರ ಮೈಗೆ ಊರೊಳಗಿನ ದರ್ಜಿ ಟೇಪು ಹಚ್ಚುತ್ತಿರಲಿಲ್ಲ. ತನ್ನ ಕಟ್ಟೆಯ ಮೇಲೆ ಕುಳಿತು, ಅವರನ್ನು ಎರಡು ಮಾರು ದೂರದಲ್ಲಿ ನಿಲ್ಲಿಸಿ, ತಿರುಗು ಎಂದು ಬೆನ್ನು ನೋಡಿ, ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದ. ಬಿಗಿಯಾದರೆ ಮತ್ತೆ ಬಿಚ್ಚಿ ಹೊಲಿಯುವ ತಾಪತ್ರಯ ಯಾಕೆಂದು ಎಲ್ಲ ಕಡೆಗೂ ನಾಲ್ಕು ಬೆರಳು ಹೆಚ್ಚು ಬಿಡುತ್ತಿದ್ದ. ಹೀಗಾಗಿ ಕೇರಿಯ ಗಂಡಸರೆಲ್ಲ ಬೇರೆ ಯಾರದೋ ಅಂಗಿ ತೊಟ್ಟವರಂತೆ ಕಾಣುತ್ತಿದ್ದರು. ವಿಠೋಬಾ ತುಳಜಾಬಾಯಿಯನ್ನು ಮದುವೆಯಾದ ದಿನವೂ ಅವನ ಭುಜದ ಹೊಲಿಗೆ ತೋಳಿನ ನಡುವೆ ಇತ್ತು.

ಮದುವೆಯಾದ ವರ್ಷವೇ ಅವನು ಕೆಲಸ ಹುಡುಕಿಕೊಂಡು ವಾಡಿಗೆ ಬಂದ. ಸ್ಟೇಷನ್ನಿನ ಎದುರು ಮುನಾಫ ಎಂಬ ಮುದುಕ ದರ್ಜಿ ಗಾರ್ಡುಗಳಿಗೆ, ಹಮಾಲರಿಗೆ ಅಂಗಿ ಹೊಲಿಯುತ್ತಿದ್ದ. ಮುನಾಫ ಯಾರ ಮೈಯನ್ನಾದರೂ ಹಿಡಿದು ತಿರುಗಿಸುತ್ತಿದ್ದ. ಅವನಲ್ಲಿ ವಿಠೋಬಾ ಕಸುಬು ಕಲಿತ. ಮುನಾಫನ ಕಣ್ಣು ಮಂಜಾದಾಗ ಅವನೇ ಗನಿಗೆ ಹೇಳಿ ಶಿಷ್ಯನಿಗೆ ಕಟ್ಟೆಯ ಮೇಲೆ ಜಾಗ ಕೊಡಿಸಿದ.

ಬಜಾರಿನ ಗಿರಾಕಿಗಳಿಗೆ ವಿಠೋಬಾನ ಹೊಲಿಗೆ ಬೇಕಿತ್ತು, ಕೈ ಬೇಡವಿತ್ತು. ಅದಕ್ಕೊಂದು ದಾರಿ ತಾನಾಗಿಯೇ ಹುಟ್ಟಿತು. ಅಳತೆಗೆಂದು ತಮ್ಮದೊಂದು ಹಳೆಯ ಅಂಗಿ ತಂದು ಕಟ್ಟೆಯ ಅಂಚಿನಲ್ಲಿ ಇಡುತ್ತಿದ್ದರು. ಅದಕ್ಕೆ ಮಾಪಿನ ಅಂಗಿ ಎಂದು ಹೆಸರು. ವಿಠೋಬಾ ಅದನ್ನು ಹಾಸಿ, ಅಳೆದು, ಅದರ ಹಾಗೆಯೇ ಹೊಸದು ಹೊಲಿದು, ಎರಡನ್ನೂ ಮಡಚಿ ಕೊಡುತ್ತಿದ್ದ. ಯಾರೂ ಇದನ್ನು ಬಾಯಿಬಿಟ್ಟು ಆಡಲಿಲ್ಲ, ಅವನೂ ಕೇಳಲಿಲ್ಲ. ಹತ್ತು ವರ್ಷ ಅವನ ಕೊರಳಲ್ಲಿ ಟೇಪು ಜೋತಾಡಿತು, ಬಜಾರಿನ ಒಂದು ಮೈಯನ್ನೂ ಅದು ಮುಟ್ಟಲಿಲ್ಲ.

ಇಸವಿ ಅರವತ್ತೆಂಟರ ಸುಮಾರಿಗೆ ಹೊಸ ಸಿಮೆಂಟು ಕಾರ್ಖಾನೆಯ ಭಟ್ಟಿ ಕೂಡಿಸಲು ಡೆನ್ಮಾರ್ಕಿನಿಂದ ಮ್ಯಾಡ್ಸನ್ ಎಂಬ ಇಂಜಿನಿಯರ್ ಬಂದ. ಆರೂಕಾಲು ಅಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಅವನು ಜೀಪಿನಲ್ಲಿ ಕುಳಿತರೆ ಹಿಂದೆ ಕುಳಿತವರಿಗೆ ದಾರಿ ಕಾಣುತ್ತಿರಲಿಲ್ಲ. ತಂದ ಅಂಗಿಗಳನ್ನೆಲ್ಲ ವಾಡಿಯ ಬಿಸಿಲು, ಬೆವರು, ಸುಣ್ಣದ ಧೂಳು ಆರು ತಿಂಗಳಲ್ಲಿ ತಿಂದು ಹಾಕಿದವು. ಕೆಲಸಕ್ಕೆ ಕಾರ್ಖಾನೆಯ ಖಾಕಿ ಇತ್ತು. ರವಿವಾರ ತೊಟ್ಟುಕೊಂಡು ಸುಮ್ಮನೆ ಕೂಡುವುದಕ್ಕೆ, ಸಂತೆಯಲ್ಲಿ ಅಡ್ಡಾಡುವುದಕ್ಕೆ ಒಂದು ಅಂಗಿ ಇರಲಿಲ್ಲ. ಹೈದರಾಬಾದಿನ ದೊಡ್ಡ ಅಂಗಡಿಗಳ ಸಿದ್ಧ ಅಂಗಿಗಳಲ್ಲಿ ಅವನ ತೋಳು ಹೋಗುತ್ತಿತ್ತು, ಹೊಟ್ಟೆ ಹೊರಗೇ ಉಳಿಯುತ್ತಿತ್ತು. ಶಹಾಬಾದಿನ ಒಬ್ಬ ದರ್ಜಿ ಎರಡು ಅಂಗಿ ಹೊಲಿದುಕೊಟ್ಟಿದ್ದ.

ಅವುಗಳಲ್ಲಿ ಒಂದನ್ನು ತೊಟ್ಟುಕೊಂಡೇ ಅವನು ಗನಿಯ ಅಂಗಡಿಗೆ ಬಂದ. ಜೊತೆಗೆ ಕಾರ್ಖಾನೆಯ ಟೈಂ ಆಫೀಸಿನ ಗುಮಾಸ್ತ ತಮ್ಮಣ್ಣ, ದುಭಾಷಿಯಾಗಿ. ಅದು ರವಿವಾರವೋ ಸಂತೆಯ ಗುರುವಾರವೋ, ಕೇಳಿ ತಿಳಿದುಕೊಳ್ಳೋಣವೆಂದರೆ ಈಗ ವಿಠೋಬಾ ಇಲ್ಲ. ಮಂದಿ ನೆರೆದದ್ದಂತೂ ಖರೆ.

"ಅರೆ ಭಾಯ್, ಇದು ಅಂಗಿ ಅಲ್ಲ, ಶಾಮಿಯಾನ!" ಎಂದ ಗನಿ.

"ಮೆಲ್ಲಗ ಮಾತಾಡ್ರಿ ಕಾಕಾ," ತಮ್ಮಣ್ಣ ನಕ್ಕ. "ಸಾಹೇಬ್ರಿಗಿ ಕನ್ನಡ ತಿಳ್ಯಾಂಗಿಲ್ಲ, ನಗೋದು ತಿಳೀತದ."

ವಿಠೋಬಾ ನಗಲಿಲ್ಲ. ಮಷೀನು ಬಿಟ್ಟು ಎದ್ದು ಸಾಹೇಬನ ಸುತ್ತ ಒಂದು ಸುತ್ತು ಬಂದ. ಭುಜದ ಹೊಲಿಗೆ ತೋಳಿನ ನಡುವೆ ಬಿದ್ದಿತ್ತು. ಕಾಲರಿನಲ್ಲಿ ಇನ್ನೊಂದು ಕೊರಳು ಹಿಡಿಸುತ್ತಿತ್ತು. ಇಷ್ಟಾಗಿಯೂ ಹೊಟ್ಟೆಯ ಮೇಲೆ ಗುಂಡಿಗಳು ಜಗ್ಗಾಡುತ್ತಿದ್ದವು. ಇಂಥ ಅಂಗಿಯ ಪರಿಚಯ ಅವನಿಗಿತ್ತು.

"ತಮ್ಮಣ್ಣೋರೆ, ಆ ದರ್ಜಿ ಸಾಹೇಬ್ರ ಮೈಗಿ ಟೇಪ್ ಹಚ್ಚಿದ್ನೇನ್ರಿ?"

ತಮ್ಮಣ್ಣ ಇಂಗ್ಲಿಷಿನಲ್ಲಿ ಕೇಳಿದ. ಸಾಹೇಬ ಉತ್ತರ ಹೇಳಲಿಲ್ಲ, ಮಾಡಿ ತೋರಿಸಿದ. ನಾಲ್ಕು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ದೂರದಿಂದ ನೋಡಿದ. ಮಂದಿ ಹೋ ಎಂದು ನಕ್ಕಿತು. ವಿಠೋಬಾನಿಗೆ ಆಗ ನಗು ಬಂತು, ತಡೆಯುವುದಕ್ಕಾಗಲಿಲ್ಲ. ಕೇರಿಯವರನ್ನು ಹೇಸಿ ದೂರ ನಿಲ್ಲಿಸುತ್ತಿದ್ದರು, ಇವನಿಗೆ ಹೆದರಿ ದರ್ಜಿ ತಾನೇ ದೂರ ನಿಂತಿದ್ದ. ಅಂಗಿ ಮಾತ್ರ ಎರಡು ಕಡೆಗೂ ಒಂದೇ ನಮೂನೆ ಆಗಿತ್ತು.

"ಕೈ ಎತ್ತಂತ ಹೇಳ್ರಿ ಅವರಿಗಿ," ಎಂದ.

ಅರಿವೆಯ ಗಂಟೊಂದರ ಮೇಲೆ ಹತ್ತಿ ನಿಂತು ಭುಜ ಅಳೆದ. ಬರೇ ಹತ್ತೊಂಬತ್ತು ಇಂಚು. ಹೊಟ್ಟೆಗೆ ಟೇಪು ಸುತ್ತಬೇಕಾದರೆ ಸಾಹೇಬನನ್ನು ಎರಡೂ ತೋಳಿನಿಂದ ಅಪ್ಪಿಕೊಳ್ಳಬೇಕಿತ್ತು. ಅವನ ಕೈ ಅರ್ಧಕ್ಕೆ ನಿಂತಿತು. ಬಜಾರಿನಲ್ಲಿ, ಹಗಲಿನಲ್ಲಿ, ಅಷ್ಟು ಮಂದಿಯ ಎದುರು ಇನ್ನೊಬ್ಬನ ಮೈಯನ್ನು ಹಾಗೆ ಹಿಡಿದ ರೂಢಿ ಆ ಕೈಗಳಿಗಿರಲಿಲ್ಲ. ಸಾಹೇಬ ಏನೋ ಅಂದ. "ಲಗೂ ಮಾಡಪಾ, ಕೈ ನೋಯಾಕತ್ಯಾವಂತ," ಎಂದ ತಮ್ಮಣ್ಣ. ವಿಠೋಬಾ ಅಪ್ಪಿಕೊಂಡ. ಅರವತ್ತು ಇಂಚಿನ ಟೇಪಿನಲ್ಲಿ ಎರಡೂವರೆ ಮಾತ್ರ ಉಳಿಯಿತು.

ಗನಿಯ ಹತ್ತಿರ ಇದ್ದದ್ದು ಮೂವತ್ತಾರು ಇಂಚು ಅಗಲದ ನೀಲಿ ಗೀರಿನ ಪಾಪ್ಲಿನ್ನು. ಆ ಅಗಲದಲ್ಲಿ ಅಂಥ ಮೈಗೆ ಜೋಡಿಲ್ಲದೆ, ಅಂದರೆ ಬೇರೆ ತುಂಡು ಕೂಡಿಸದೆ, ಅಂಗಿ ಆಗುತ್ತಿರಲಿಲ್ಲ. ವಿಠೋಬಾ ಜೋಡನ್ನು ಕಂಕುಳ ಕೆಳಗೆ ಇಳಿಸಿ, ಗೀರಿಗೆ ಗೀರು ಕೂಡಿಸಿ ಅಡಗಿಸಿದ. ಆದರೂ ಮೊದಲನೆಯ ಅಂಗಿ ಕೆಟ್ಟಿತು. ನಿಂತಾಗ ಚೆನ್ನಾಗಿತ್ತು. ಸಾಹೇಬ ಗನಿಯ ಬೆಂಚಿನ ಮೇಲೆ ಕುಳಿತದ್ದೇ ಮುಂದಿನ ಅಂಚು ಮೇಲೆದ್ದು ಹೊಕ್ಕುಳು ಕಂಡಿತು. ವಿಠೋಬಾ ಸುಮ್ಮನೆ ಅವನನ್ನು ಅಲ್ಲಿಯೇ ಕೂಡಿಸಿ ಮತ್ತೊಮ್ಮೆ ಅಳೆದ. ದಪ್ಪಗಿನ ಮನುಷ್ಯನೆಂದರೆ ತೆಳ್ಳಗಿನವನನ್ನೇ ಎಲ್ಲ ಕಡೆ ಹಿಗ್ಗಿಸಿದ್ದಲ್ಲ ಎಂಬುದು ಅವನಿಗೆ ಅಂದು ತಿಳಿಯಿತು. ಬೆನ್ನು ಸಣ್ಣದೇ ಇರಬಹುದು, ಮುಂಭಾಗ ಹಿಂಭಾಗಕ್ಕಿಂತ ಮೂರು ಇಂಚು ಉದ್ದ ಬೇಕಾಗಬಹುದು. ಯಾವ ಮಾಪಿನ ಅಂಗಿಯೂ ಇದನ್ನು ಹೇಳುವುದಿಲ್ಲ. ಎರಡನೆಯದು ಮೈಗೆ ಸರಿಯಾಗಿ ಕೂತಿತು. ಸಾಹೇಬ ಅದನ್ನು ತೊಟ್ಟು ಸಂತೆಯಲ್ಲಿ ನಿಂತು ಮಿರ್ಚಿ ಭಜಿ ತಿಂದ, ಕಣ್ಣೀರು ಒರೆಸಿಕೊಂಡ, ಇನ್ನೂ ಐದು ಅಂಗಿ ಹೊಲಿಯಲು ಹೇಳಿದ. ಮರುವರ್ಷ ಭಟ್ಟಿ ಹೊತ್ತಿಕೊಂಡ ಮೇಲೆ ತನ್ನ ದೇಶಕ್ಕೆ ಹೋದ.

ಬಜಾರಿನವರು ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ.

ಸಾಹೇಬ ಹೋದ ಮೇಲೆ ಒಂದು ದಿನ ವಿಠೋಬಾ ಕಟ್ಟೆಯ ಅಂಚಿನಲ್ಲಿದ್ದ ಮಾಪಿನ ಅಂಗಿಯನ್ನು ಮುಟ್ಟಲಿಲ್ಲ. ಅದರ ಒಡೆಯ ಬಂದಾಗ, "ಮೈ ಮಾಪ ಕೊಟ್ರ ಹೊಲೀತೀನ್ರಿ," ಎಂದ. ಆ ಮನುಷ್ಯ ಗನಿಯ ಮುಖ ನೋಡಿದ, ಅಂಗಿ ಎತ್ತಿಕೊಂಡು ಹೋದ. ಮರುದಿನ ಬಂದವನೂ ಹೋದ. ಹದಿನೈದು ದಿನಗಳಲ್ಲಿ ಹಮಾಲರು, ಕೇರಿಯವರು, ಗನಿಯ ನೆಂಟರು ಬಿಟ್ಟರೆ ಯಾರೂ ಬರದಂತಾಯಿತು.

"ಸಾಹೇಬನ್ನ ಅಪ್ಪಿಕೊಂಡೀನಂತ ತಲಿ ತಿರುಗ್ಯಾದೇನು ನಿನಗ?" ತುಳಜಾಬಾಯಿ ಕೇಳಿದಳು.

"ತಿರುಗಿಲ್ಲ. ಕೆಟ್ಟ ಅಂಗಿ ನೋಡಿ ಕೆಟ್ಟ ಅಂಗಿ ಹೊಲಿಯೋದು ಸಾಕಾಗ್ಯಾದ."

"ಅವರ ಅಂಗಿ ಕೆಟ್ರ ನಿನಗೇನು? ಹೊಲಿದು ಬಿಸಾಕು."

ಗನಿ ಒಳ್ಳೆಯವನು, ಆದರೆ ವ್ಯಾಪಾರಿ. ಹೊಲಿಗೆ ಇಲ್ಲದಿದ್ದರೆ ಅರಿವೆಯೂ ಹೋಗುವುದಿಲ್ಲ. "ವಿಠೋಬಾ, ದೀಪಾವಳಿ ಮಟಾ ನೋಡ್ತೀನಿ. ಆಮ್ಯಾಲ ಕಟ್ಟಿ ಮ್ಯಾಲ ಬ್ಯಾರೇದಾಂವನ್ನ ಕೂಡಸ್ಬೇಕಾಗ್ತದ. ಮನಸಿಗಿ ಹಚ್ಕೋಬ್ಯಾಡ," ಎಂದ. ಕಟ್ಟೆ ಹೋದರೆ ಅವನಿಗೆ ಬಜಾರಿನಲ್ಲಿ ಇನ್ನೊಂದು ಕಟ್ಟೆ ಸಿಗುವಂತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ದೀಪಾವಳಿಗೆ ಹನ್ನೆರಡು ದಿನ ಇರುವಾಗ ನಾಲವಾರದ ಕಡೆಯ ಗೊಲ್ಲಾಳಪ್ಪ ಗೌಡ ಬಂದ. ಸಾಹೇಬನಷ್ಟಲ್ಲದಿದ್ದರೂ ಈ ಸೀಮೆಗೆ ದೊಡ್ಡ ಮೈ. ಹಬ್ಬಕ್ಕೆ ಮೊದಲೇ ಮಗಳ ನಿಶ್ಚಿತಾರ್ಥ ಇತ್ತು, ಬೀಗರು ಬೀದರಿನವರು, ಅವರೆದುರು ಜಗ್ಗಾಡುವ ಅಂಗಿಯಲ್ಲಿ ಕೂಡಲು ಅವನಿಗೆ ಮನಸ್ಸಿರಲಿಲ್ಲ. ಆಳಿನ ಕೈಯಲ್ಲಿ ಮಾಪಿನ ಅಂಗಿ ಕಳಿಸಿದ್ದ. ವಿಠೋಬಾ ಅದನ್ನು ಹಿಂದಕ್ಕೆ ಕಳಿಸಿದ್ದ.

"ಏನಲೇ ವಿಠೋಬಾ, ನನ್ನ ಅಂಗಿ ವಾಪಸ್ ಕಳಿಸಿದೆಂತಲ್ಲ?"

"ಹೌದ್ರಿ ಗೌಡ್ರೆ. ಅದೇ ನಿಮಗ ಕೂಡಂಗಿಲ್ಲ. ಅದರ ಮಾಪ ತಗೊಂಡ್ರ ಕೂಡಲಾರದ ಅಂಗಿ ಎರಡಾಗ್ತಾವ."

"ಆ ಸಾಹೇಬನ ಮಾಪ ಅದಲ್ಲ ನಿನ್ನ ಬಲ್ಲಿ? ಅದರಾಗ ನಾಕಿಂಚು ಕಮ್ಮಿ ಮಾಡಿ ಹೊಲಿ."

"ಸಾಹೇಬ್ರ ಹೊಟ್ಟಿ ಮ್ಯಾಲಿಂದ ಸುರು ಆಗ್ತದ್ರಿ. ನಿಮ್ಮದು ಕೆಳಗಿಂದ."

ಪಕ್ಕದ ಪಾನಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ಗೌಡನ ಕಿವಿ ಕೆಂಪಾಯಿತು. "ಬಾಯಿ ಭಾಳ ಆಗ್ಯಾದ ನಿಂದು."

"ಗೌಡ್ರೆ, ಒಳಗ ಬರ್ರಿ, ಕುಂದ್ರಿ, ಚಾ ತರಸ್ತೀನಿ," ಗನಿ ಓಡಿ ಬಂದ.

ಗೌಡ ಕೂಡಲಿಲ್ಲ. ಅಂಗಡಿಯ ಒಳಗೆ ಹೆಂಗಸರು ಸೀರೆ ನೋಡಲೆಂದು ಕಟ್ಟಿದ್ದ ಪರದೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಹಂಗಾದ್ರ ಒಳಗ ಬಾ. ಪರದೆ ಹಿಂದ ಮಾಪ ತಗೋ, ಮುಗೀತು," ಎಂದ.

ಗನಿ ಕಣ್ಣಿನಲ್ಲೇ ಹೇಳಿದ, ಹೋಗು. ಅಷ್ಟಾದರೆ ಕಟ್ಟೆ ಉಳಿಯುತ್ತಿತ್ತು. ವಿಠೋಬಾ ಪರದೆಯ ಕಡೆ ನೋಡಿದ. ಇಂದು ಗೌಡ ಅದರ ಹಿಂದೆ ನಿಂತರೆ ನಾಳೆಯಿಂದ ಎಲ್ಲರೂ ಅಲ್ಲಿಯೇ ನಿಲ್ಲುತ್ತಾರೆ. ಮಾಪಿನ ಅಂಗಿಯ ಜಾಗಕ್ಕೆ ಪರದೆ ಬಂದಂತಾಗುತ್ತದೆ, ಅಷ್ಟೇ.

"ಒಳಗ ಬೆಳಕಿಲ್ಲರಿ ಗೌಡ್ರೆ," ಎಂದ.

ಗೌಡ ಹೊರಟು ಹೋದ. ಗನಿ ಆ ದಿನವೂ ಮರುದಿನವೂ ಕಟ್ಟೆಯ ಕಡೆ ತಿರುಗಿ ನೋಡಲಿಲ್ಲ. ವಿಠೋಬಾ ಖಾಲಿ ಮಷೀನಿಗೆ ಎಣ್ಣೆ ಹಾಕುತ್ತ ಕುಳಿತಿದ್ದ.

ಮೂರನೆಯ ದಿನ ಮುಂಜಾನೆ ಗೌಡ ಒಬ್ಬನೇ ಬಂದ. ಶಹಾಬಾದಿಗೆ ಹೋಗಿದ್ದನೆಂದೂ, ಅಲ್ಲಿ ಹೊಲಿಸಿದ ಅಂಗಿಯ ಮೊದಲ ಗುಂಡಿ ಊಟಕ್ಕೆ ಕುಳಿತಾಗಲೇ ಹಾರಿ ಸಾರಿನಲ್ಲಿ ಬಿತ್ತೆಂದೂ ಆಮೇಲೆ ತಮ್ಮಣ್ಣನಿಂದ ತಿಳಿಯಿತು. ಅಂದು ಅವನು ಅದನ್ನೇನೂ ಹೇಳಲಿಲ್ಲ. ತಲೆಯ ರುಮಾಲು ತೆಗೆದು ಗನಿಯ ಕೈಗೆ ಕೊಟ್ಟ, ಕಟ್ಟೆ ಹತ್ತಿದ, ಬೀದಿಗೆ ಬೆನ್ನು ಮಾಡಿ ನಿಂತ.

"ಲಗೂ ಮಾಡು."

ವಿಠೋಬಾ ಲಗುಬಗೆ ಮಾಡಲಿಲ್ಲ. ಭುಜ, ತೋಳು, ಎದೆ, ಹೊಟ್ಟೆ, ನಿಂತು ಒಮ್ಮೆ, ಕೂಡಿಸಿ ಒಮ್ಮೆ. ಕೊರಳಿಗೆ ಬಂದಾಗ ಟೇಪಿನೊಳಗೆ ಎರಡು ಬೆರಳು ಇಡಬೇಕು, ಇಲ್ಲದಿದ್ದರೆ ಕಾಲರು ಹಿಡಿಯುತ್ತದೆ. ಇಟ್ಟ. ಗೌಡ ಕಣ್ಣು ಮುಚ್ಚಿಕೊಂಡ. ಪಾನಂಗಡಿಯಲ್ಲಿ ಯಾರೂ ನಗಲಿಲ್ಲ.

"ಕೊರಳು ಹದಿನೇಳೂವರಿ," ಎಂದು ವಿಠೋಬಾ ಬೀದಿಗೆ ಕೇಳುವಂತೆ ಹೇಳಿದ. ಗನಿ ಬರೆದುಕೊಂಡ.

ಅಂಗಿ ಚೆನ್ನಾಗಿಯೇ ಕೂತಿತು. ಆದರೆ ಮಾಪು ಕೊಟ್ಟ ದಿನ ಗೌಡ ಮನೆಗೆ ಹೋಗಿ, ಒಳಗೆ ಕಾಲಿಡುವ ಮೊದಲು ಹಿತ್ತಲಲ್ಲಿ ತಲೆಗೆ ನೀರು ಹಾಕಿಸಿಕೊಂಡನಂತೆ. ನಾಲವಾರದಿಂದ ಬಂದ ಒಬ್ಬಳು ತುಳಜಾಬಾಯಿಗೆ ಹೇಳಿದಳು, ತುಳಜಾಬಾಯಿ ಉಣ್ಣುವಾಗ ಗಂಡನಿಗೆ ಹೇಳಿದಳು.

"ಮಾಡ್ಲಿ ಬಿಡು," ವಿಠೋಬಾ ಅಂದ. "ಜಳಕ ಮಾಡಿದ್ರ ಕೊರಳು ಸಣ್ಣಾಗಂಗಿಲ್ಲ."

ಆ ದೀಪಾವಳಿಗೆ ಆರೇಳು ಮಂದಿ ಬಂದು ಮೈಯ ಮಾಪು ಕೊಟ್ಟರು. ಎಲ್ಲರೂ ಬರಲಿಲ್ಲ. ಕೆಲವರು ಕೊನೆಯವರೆಗೂ ಬರಲಿಲ್ಲ, ಚಿತ್ತಾಪುರಕ್ಕೆ ಹೋಗಿ ಹೊಲಿಸಿಕೊಂಡರು. ಅವರ ಹೆಸರುಗಳು ಅವನಿಗೆ ಗೊತ್ತಿದ್ದವು, ಎಂದೂ ಎತ್ತಿ ಆಡಲಿಲ್ಲ. ಕಟ್ಟೆ ಉಳಿಯಿತು.

ಮರುವರ್ಷ ಗೌಡ ಆಳಿನ ಕೈಯಲ್ಲಿ ಅರಿವೆ ಕಳಿಸಿ, ಹಳೆಯ ಮಾಪೇ ಇರಲಿ ಎಂದು ಹೇಳಿಸಿದ. ವಿಠೋಬಾ ಅರಿವೆ ಇಟ್ಟುಕೊಂಡು ಆಳನ್ನು ಹಿಂದಕ್ಕೆ ಕಳಿಸಿದ. "ವರ್ಷಕ್ಕ ಮೈ ಬದಲಾಗ್ತದ. ಬರ್ರಿ ಅಂತ ಹೇಳು."

ಮಧ್ಯಾಹ್ನದ ಗಾಡಿಗೆ ಗೌಡ ಬಂದ. ಸೆಖೆಗೆ ಬೈದುಕೊಳ್ಳುತ್ತ ಕಟ್ಟೆ ಹತ್ತಿ, ಯಾರೂ ಹೇಳುವ ಮೊದಲೇ ಎರಡೂ ಕೈ ಎತ್ತಿ ನಿಂತ. ವಿಠೋಬಾನ ಕಪ್ಪಿನಲ್ಲಿ ಇನ್ನೂ ಎರಡು ಗುಟುಕು ಚಹಾ ಇತ್ತು. ಅದನ್ನು ಕುಡಿದು ಮುಗಿಸಿ, ಕಪ್ಪು ಕೆಳಗಿಟ್ಟು, ಆಮೇಲೆ ಎದ್ದ.