ನೋಡದ ಸಿನಿಮಾದ ಕಥೆ

ಮುಂಡರಗಿಯ ಯಮನೂರಸಾಬ ಮೂವತ್ತು ವರ್ಷದಿಂದ ಆಟೊಗೆ ಮೈಕು ಕಟ್ಟಿಕೊಂಡು ಹಳ್ಳಿಹಳ್ಳಿಗೆ ಸಿನಿಮಾ ಸಾರುತ್ತಾನೆ. ಒಂದನ್ನೂ ನೋಡಿ ಸಾರಿದವನಲ್ಲ. ಪೋಸ್ಟರ್ ನೋಡುತ್ತಾನೆ, ಅರ್ಧ ಕಪ್ ಚಹಾ ಕುಡಿಯುತ್ತಾನೆ, ಕಥೆ ತಾನೇ ಕಟ್ಟುತ್ತಾನೆ. ನಾಯಕಿ ಅತ್ತರೆ ಸವತಿ ಕಾಟ, ನಾಯಕ ನಕ್ಕರೆ ಮನೆ ಅಳಿಯ. ಚುನಾವಣೆ ಬಂದರೆ ಅದೇ ಬಾಯಿ ಅಭ್ಯರ್ಥಿಗಳ ತ್ಯಾಗವನ್ನೂ ಕಟ್ಟಿಕೊಡುತ್ತದೆ. ಇದುವರೆಗೆ ಯಾರೂ ಅವನಿಂದ ಕ್ಷಮೆ ಕೇಳಿಸಿರಲಿಲ್ಲ.

ಹೋದ ತಿಂಗಳು ಟಾಕೀಸಿಗೆ ರಾಜಕೀಯದ ಸಸ್ಪೆನ್ಸ್ ಸಿನಿಮಾ ಬಂತು. ಪೋಸ್ಟರಿನಲ್ಲಿ ಒಬ್ಬ ಮಂತ್ರಿ, ಅವನ ಮುಂದೆ ಒಂದು ಖಾಲಿ ಗ್ಲಾಸು. ಯಮನೂರಸಾಬನಿಗೆ ಅಷ್ಟು ಸಾಕು. ಹಿರೇವಡ್ಡಟ್ಟಿ ದಾರಿಯ ಒಂದು ಊರಿನಲ್ಲಿ ಆಟೊ ನಿಲ್ಲಿಸಿ ಶುರು ಮಾಡಿದ:

“ಏಳು ಬೋರು ಕೊರಸೇನಿ ಅಂತ ಹಾರಾ ಹಾಕಿಸ್ಕೊಂಡ ನಾಯಕ. ಊರಾಗ ನೋಡಿದ್ರ ಒಂದೂ ಇಲ್ಲ. ಎಲ್ಲಿ ಹೋದವು ಏಳು ಬೋರು? ಬರ್ರಿ, ನೋಡ್ರಿ, ಇವತ್ತ ಸಂಜಿ ಆರಕ್ಕ.”

ಏಳು ಎಂಬುದು ಬಾಯಿಗೆ ಬಂದ ಲೆಕ್ಕ. ಆದರೆ ಆ ಊರಿನ ಪುಢಾರಿ ಅರ್ಜುನ ಹೋದ ವರ್ಷ ಏಳೇ ಕೊಳವೆಬಾವಿ ಕೊರೆಸಿದ ಹೆಸರಲ್ಲಿ ಸನ್ಮಾನ ಮಾಡಿಸಿಕೊಂಡಿದ್ದ. ಈಗ ತಾಲೂಕು ಪಂಚಾಯಿತಿ ಟಿಕೆಟ್ಟಿಗೆ ಬಾಯಿ ಬಿಡುತ್ತಿದ್ದ.

ಸಂಜೆ ಆ ಊರಿನಿಂದ ಎರಡು ಟ್ರ್ಯಾಕ್ಟರ್ ಜನ ಟಾಕೀಸಿಗೆ ಬಂದಿಳಿದರು. ಸಿನಿಮಾದಲ್ಲಿ ಕೊಲೆ ಇತ್ತು, ಕದ್ದು ಕೇಳಿದ ಫೋನ್ ಇತ್ತು, ಕುರ್ಚಿಗಾಗಿ ಮಾವನನ್ನೇ ಮಾರುವ ಮಂತ್ರಿ ಇದ್ದ. ಬೋರು ಇರಲಿಲ್ಲ. ಇಂಟರ್ವಲ್‌ನಲ್ಲಿ ಲಾಲಬಿ ಎಂಬ ಮುದುಕಿ ಟಿಕೆಟ್ ಕಿಟಕಿಗೆ ಬಂದು, “ನಮ್ಮ ಬೋರು ಯಾವಾಗ ಬರ್ತಾವೋ ತಮ್ಮಾ?” ಎಂದಳು.

ಮರುದಿನ ಅರ್ಜುನ ಆಟೊ ತಡೆದು ಮೈಕು, ಆಂಪ್ಲಿಫೈಯರ್ ಎರಡನ್ನೂ ಕಿತ್ತುಕೊಂಡ.

“ಲೇ ಸಾಬಾ, ಊರ ನಡುವ ನಿಂತು ‘ನಾ ಹೇಳಿದ್ದು ಸುಳ್ಳು’ ಅನ್ನು. ಆಮ್ಯಾಲ ಮೈಕ್ ಒಯ್ಯಿ.”

“ನಾ ಹೇಳಿದ್ದು ಸಿನಿಮಾದ ಮಾತರಿ ಸಾವ್ಕಾರ್ರ.”

“ಸಿನಿಮಾದಾಗ ಬೋರ ಇಲ್ಲಲ್ಲ?”

“ಇಲ್ಲರಿ. ನಿಮ್ಮೂರಾಗೂ ಇಲ್ಲಂತ.”

“ನಾಳಿ ಮುಂಜಾನಿ ಬಾ,” ಎಂದ ಅರ್ಜುನ, ಹಲ್ಲು ಕಡಿದು.

ಮೈಕು ಇಲ್ಲದಿದ್ದರೆ ಚುನಾವಣೆಯ ದುಡಿಮೆಯೂ ಇಲ್ಲ. ಹೆಂಡತಿ ಖೈರುನಬಿ ಜೋಳದ ಹಿಟ್ಟು ನಾದುತ್ತಲೇ ಹೇಳಿದಳು: “ಅಂದುಬಿಡ್ರಿ. ಮೂವತ್ತು ವರ್ಷ ಸುಳ್ಳ ಹೇಳಿದ ಬಾಯಿ, ಇನ್ನೊಂದಕ್ಕ ಸವೀತೈತೇನು?”

“ಅದನ್ನ ನಾನೂ ಕೇಳ್ಕೊಂಡೆ,” ಎಂದ ಅವನು. “ಇವತ್ತ ಯಾಕೋ ಬಾಯಿ ಏಳವಲ್ಲದು.”

ಆದರೂ ಹೋದ. ಊರ ಕಟ್ಟೆಯ ಮೇಲೆ ಅರ್ಜುನ ಚೇಲಾಗಳ ಜೊತೆ ಕೂತಿದ್ದ. ಮೈಕು ಕೈಗೆ ಬಂತು.

“ಬಂಧುಗಳೇ, ನಿಮ್ಮೂರಾಗ ಬೋರಿಲ್ಲ ಅಂದಂಗಾತು ನಾನು. ತಪ್ಪಂತ. ಏಳೂ ಅದಾವಂತ. ಯಾವ ಯಾವ ಓಣ್ಯಾಗ ಅದಾವು ಅನ್ನೂದನ್ನ ಸಾವ್ಕಾರ್ರು ಈಗ ತಾವ ಹೇಳ್ತಾರ,” ಎಂದವನೇ ಮೈಕನ್ನು ಅರ್ಜುನನ ಬಾಯಿಗೆ ಹಿಡಿದ.

ಅರ್ಜುನನ ಉಸಿರಷ್ಟೇ ನಾಲ್ಕೂ ಓಣಿಗೆ ಕೇಳಿಸಿತು. ಆಮೇಲೆ ಅವನು ಕಿತ್ತೆಸೆದ ಮೈಕು ಕಲ್ಲಿಗೆ ಬಡಿದ ಸದ್ದು.

ಟಿಕೆಟ್ ಅರ್ಜುನನಿಗೇ ಸಿಕ್ಕಿತು. ಪಕ್ಷಕ್ಕೆ ಬೇಕಾದದ್ದು ಬೋರಲ್ಲ. ಯಮನೂರಸಾಬ ಈಗ ಬರೀ ಗಂಟಲಲ್ಲಿ ಸಾರುತ್ತಾನೆ, ಬೇರೆ ಊರುಗಳಲ್ಲಿ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಆ ಊರಲ್ಲಿ ಮಾತ್ರ ಅವನ ಆಟೊ ಬಂದರೆ ಗಡಗಡ ಎನ್ನುವ ಹಿಟ್ಟಿನ ಗಿರಣಿಯನ್ನೂ ನಿಲ್ಲಿಸುತ್ತಾರೆ.