ಮಗ್ಗ ನಿಲ್ಲಿಸಿ ಕೇಳುವ ಹಾಡು

ನಮ್ಮ ಬೀದಿಯಲ್ಲಿ ಮೆತ್ತಗೆ ಮಾತನಾಡುವವರು ಯಾರೂ ಇಲ್ಲ. ಮೊಳಕಾಲ್ಮೂರಿನ ನೇಕಾರರ ಬೀದಿ ಅದು. ಮನೆಗೊಂದು ರೇಷ್ಮೆ ಸೀರೆಯ ಮಗ್ಗ, ಕೆಲವರಲ್ಲಿ ಎರಡು. ಬೆಳಿಗ್ಗೆ ಶುರುವಾದ ಸದ್ದು ಬೀದಿ ಮಲಗುವ ಹೊತ್ತಿನವರೆಗೂ ನಿಲ್ಲುವುದಿಲ್ಲ. ಅದರ ಮೇಲೆ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ನಾವು ಗುಟ್ಟನ್ನೂ ಕೂಗಿಯೇ ಹೇಳುತ್ತೇವೆ, ಹಾಗಾಗಿ ನಮ್ಮ ಬೀದಿಯಲ್ಲಿ ಗುಟ್ಟು ಅಂತ ಏನೂ ಉಳಿದಿಲ್ಲ.

ನಾನೂ ಹಾಗೆ ಕೂಗುತ್ತಲೇ ಬೆಳೆದವಳು. ಹೈಸ್ಕೂಲಿನಲ್ಲಿ ಹಾಡಿನ ಸ್ಪರ್ಧೆಗೆ ನಿಂತಾಗ ಮೊದಲ ಸಾಲಿಗೇ ಮೇಷ್ಟ್ರು ಕೈ ಎತ್ತಿ ತಡೆದು, "ಹಾಡಮ್ಮಾ, ಕೂಗಬೇಡ" ಎಂದರು. ಕೂತವರೆಲ್ಲ ನಕ್ಕರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಓದು ಮುಗಿಸಿ ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಬೀದಿ ಇನ್ನೂ ಎದ್ದಿರದ ಆ ಹೊತ್ತಿನಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಹಾಡು ಕಟ್ಟಿದೆ. ಅದನ್ನು ನಾನೇ ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ, ಸಂಗೀತ ಸೇರಿಸಿ, ಮಿಕ್ಸ್ ಮಾಡಬೇಕೆಂದು ಹಟಕ್ಕೆ ಬಿದ್ದೆ. ಹಳೆಯ ಲ್ಯಾಪ್‌ಟಾಪ್ ಇತ್ತು. ಒಂದು ಮೈಕು, ಒಂದು ಹೆಡ್‌ಫೋನ್ ತಂದೆ. ಉಳಿದದ್ದನ್ನು ಯೂಟ್ಯೂಬ್ ನೋಡಿ ಕಲಿತೆ. ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಗುಂಡಿ ಒತ್ತಿ ನೋಡಿ ತಿಳಿದುಕೊಂಡೆ.

ಎಷ್ಟು ಸಲ ಹಾಡಿದರೂ ಹಿಂದೆ ಮಗ್ಗದ ಸದ್ದು. ಸೆಂಟರಿಗೆ ಬರುವವರಿಗೆ ಹೇಳಿದರೆ ಎಲ್ಲರದೂ ಒಂದೇ ಸಲಹೆ: "ಮಗ್ಗದ ಸದ್ದನ್ನೇ ತಾಳ ಮಾಡ್ಕೊಳ್ರಿ, ಎಷ್ಟು ಚೆನ್ನಾಗಿರುತ್ತೆ!" ಚೆನ್ನಾಗಿರುತ್ತದೆ, ಒಂದು ಗಂಟೆ ಕೇಳಿ ಎದ್ದು ಹೋಗುವವರಿಗೆ. ನಾನು ಹೊಟ್ಟೆಯಲ್ಲಿದ್ದಾಗಿನಿಂದ ಅದನ್ನೇ ಕೇಳುತ್ತಿದ್ದೇನೆ. ಮಗ್ಗ ನಮಗೆ ಅನ್ನ ಕೊಟ್ಟಿದೆ, ಕೈ ಮುಗಿಯುತ್ತೇನೆ. ಆದರೆ ಅದು ಬಾಯಿ ಹಾಕದ ಒಂದೇ ಒಂದು ಹಾಡು ನನಗೆ ಬೇಕಿತ್ತು.

ರಾತ್ರಿ ಹಾಡಿದರೆ ಮಲಗಿದ ಬೀದಿಯೇ ಎದ್ದು ಬರುತ್ತದೆ, ಹಗಲಲ್ಲಿ ನಮ್ಮ ಬೀದಿಯ ಮಗ್ಗಗಳು ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಅವತ್ತು ಮಗ್ಗ ಒರೆಸಿ ಪೂಜೆ ಮಾಡುತ್ತಾರೆ, ಯಾರೂ ನೇಯುವುದಿಲ್ಲ. ನಾನು ರಜೆ ಹಾಕಿ ಅವತ್ತೇ ಹಾಡುತ್ತೇನೆ ಎಂದಾಗ ಅವ್ವ ಹಣೆ ಚಚ್ಚಿಕೊಂಡಳು.

"ಅಮಾಸೆ ದಿನ ಯಾರಾನ ಹೊಸ ಕೆಲಸ ಸುರು ಮಾಡ್ತಾರೇನೇ?"

"ಬೇರೆ ದಿನ ಮಗ್ಗ ನಿಲ್ಲುಸ್ತೀಯಾ ನನಗೋಸ್ಕರ?"

ಅವ್ವ ಹೋಗಿ ಮಗ್ಗಕ್ಕೆ ಕೂತಳು. ನೆಂಟರು ಬಂದರೂ ನೇಯುತ್ತಲೇ ಮಾತನಾಡಿಸುವವಳು ಅವಳು. ನೂಲು ತುಂಡಾದರೆ ಮಾತ್ರ ಅವಳ ಮಗ್ಗ ನಿಲ್ಲುತ್ತಿತ್ತು.

ಮೊದಲ ಅಮಾವಾಸ್ಯೆ. ಚಳ್ಳಕೆರೆಯಿಂದ ತಂದ ಕುರಿ ಕಂಬಳಿಯನ್ನು ಹೊರಗಿನ ಸದ್ದು ತಾಗದಂತೆ ತಲೆಯ ಮೇಲೆ ಹೊದ್ದು, ಮೈಕನ್ನು ಒಳಗೆ ಎಳೆದುಕೊಂಡು ಹಾಡಿದೆ. ಬೆವರು, ತುರಿಕೆ, ಉಣ್ಣೆಯ ವಾಸನೆ, ಏನೂ ಲೆಕ್ಕಕ್ಕೆ ಬರಲಿಲ್ಲ. ಮುಗಿಸಿ ಹೊರಗೆ ತಲೆ ಹಾಕಿ ನೋಡಿದರೆ ಲ್ಯಾಪ್‌ಟಾಪಿನ ಪರದೆಯ ತುಂಬ ದನಿ ಮಿತಿ ಮೀರಿತೆಂಬ ಕೆಂಪು ಗೆರೆ. ದನಿ ಒಡೆದು ಚೂರಾಗಿತ್ತು. ಮಗ್ಗ ನಿಂತಿತ್ತು, ನಾನು ಮಾತ್ರ ಅದು ನಡೆಯುತ್ತಿದೆ ಎಂಬಂತೆ ಕೂಗಿದ್ದೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ ಎಂದು ಅವತ್ತು ಗೊತ್ತಾಯಿತು. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಮೆತ್ತಗೆ ಹಾಡುವುದು ಸುಲಭ ಅಂದುಕೊಂಡಿದ್ದೆ. ಕೂಗುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಉಸಿರು ಅದಕ್ಕೆ ಬೇಕು. ಮುಂದಿನ ಅಮಾವಾಸ್ಯೆಗೆ ದನಿ ತಗ್ಗಿಸಿದರೆ ಸಾಲಿನ ಕೊನೆ ಗಂಟಲಲ್ಲೇ ಸತ್ತುಹೋಗುತ್ತಿತ್ತು. ಆಮೇಲೆ ಬಸ್ಸಿನಲ್ಲೇ ಅಭ್ಯಾಸ ಶುರುಮಾಡಿದೆ. ದಾರಿಯ ಬಿ.ಜಿ. ಕೆರೆ ಊರು ದಾಟುವವರೆಗೂ ಕಿಟಕಿಗೆ ಹಣೆ ಒತ್ತಿ, ಪಕ್ಕದವರಿಗೂ ಕೇಳಿಸದಂತೆ ಗುನುಗುವುದು. ಪಕ್ಕ ಕೂತ ಒಬ್ಬ ಅಜ್ಜಿ, ಪಾಪ, ನನಗೇನೋ ಸಂಕಟ ಎಂದುಕೊಂಡು ನೀರಿನ ಬಾಟಲಿ ಕೊಟ್ಟಿತು. ಅವ್ವನದು ಬೇರೆ ಚೇಷ್ಟೆ: "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನಿಂದು ಎರಡರಾಗೆ ಯಾವ್ದು?"

ಎಷ್ಟೋ ಅಮಾವಾಸ್ಯೆಗಳು ಕುಕ್ಕರಿನ ಸೀಟಿಗೆ, ನೆಗಡಿಗೆ, ಹೋದ ಕರೆಂಟಿಗೆ ಬಲಿಯಾದವು. ಬಿಡಲಿಲ್ಲ. ಕೊನೆಗೊಮ್ಮೆ ಹಾಡು ಮೊದಲಿನಿಂದ ಕೊನೆಯವರೆಗೆ ಬಂತು, ಒಂದು ಕೆಂಪು ಗೆರೆಯೂ ಇಲ್ಲದೆ. ಕಂಬಳಿಯೊಳಗೇ ಕೂತು ಖುಷಿಗೆ ಅತ್ತೆ.

ಇನ್ನು ಮಿಕ್ಸಿಂಗ್. ಸಂಜೆ ಮನೆಯಲ್ಲಿ, ಮಗ್ಗಗಳ ಸದ್ದಿನ ನಡುವೆ ಹೆಡ್‌ಫೋನ್ ಹಾಕಿಕೊಂಡು ಮಾಡಿದೆ. ದನಿ ಕೇಳುತ್ತಿಲ್ಲ ಎಂದು ಏರಿಸಿದೆ, ಹಿನ್ನೆಲೆಗೆ ಸೇರಿಸಿದ ತಂಬೂರಿ ಕೇಳುತ್ತಿಲ್ಲ ಎಂದು ಅದನ್ನೂ ಏರಿಸಿದೆ. ಮರುದಿನ ಸೆಂಟರಿನ ನಿಶ್ಶಬ್ದದಲ್ಲಿ ಹಾಕಿದರೆ ಕಿವಿ ಹರಿಯಿತು. ಇಷ್ಟೆಲ್ಲ ಮಾಡಿ ಮತ್ತೆ ಮಗ್ಗದ ಮೇಲೆಯೇ ಕೂಗಿದ್ದೆ, ಈ ಸಲ ಬಾಯಿಂದಲ್ಲ, ಬೆರಳಿನಿಂದ. ಅವತ್ತಿನಿಂದ ಮಿಕ್ಸಿಂಗನ್ನು ಸೆಂಟರಿನ ಊಟದ ಬಿಡುವಿಗೆ ವರ್ಗಾಯಿಸಿದೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮೌಸು. ಏರಿಸುವುದನ್ನು ಬಿಟ್ಟು ಇಳಿಸುವುದನ್ನು ಕಲಿತೆ. ದನಿ ಕೇಳಬೇಕಾದರೆ ತಂಬೂರಿಯನ್ನು ತಗ್ಗಿಸಬೇಕು ಎಂಬ ಸಣ್ಣ ವಿಷಯ ತಲೆಗೆ ಹೋಗಲು ಒಂದು ಮಳೆಗಾಲ ಹಿಡಿಯಿತು.

ಹಾಡು ಮುಗಿದ ಸಂಜೆ ಓಡಿಬಂದು, ನೇಯುತ್ತಿದ್ದ ಅವ್ವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಈ ಹಾಡನ್ನು ಬೇರೆ ಯಾರೂ ಮೆಚ್ಚದಿದ್ದರೂ ಚಿಂತೆಯಿರಲಿಲ್ಲ. ನನಗೆ ಕೂಗು ಕಲಿಸಿದವಳು ಇವಳು, ಇವಳು ಕೇಳಬೇಕಿತ್ತು. ಅವ್ವ ಕೈಯ ಲಾಳಿ ನಿಲ್ಲಿಸಲಿಲ್ಲ.

"ಏನೂ ಕೇಳಾದೇ ಇಲ್ಲ. ಜೋರು ಮಾಡೇ."

"ಮಾಡಲ್ಲ. ಕೇಳ್ಬೇಕಂದ್ರೆ ಮಗ್ಗ ನಿಲ್ಸು."

"ಹಂಗಾರೆ ಅಮಾಸೆ ದಿನ ಕೇಳ್ತೀನಿ ಬಿಡು."

ಕೋಣನ ಮುಂದೆ ಕಿನ್ನರಿ ಬಾರಿಸಿದೆನಲ್ಲ ಎಂದು ಹೆಡ್‌ಫೋನ್ ಕಿತ್ತುಕೊಂಡು ಒಳಗೆ ಹೋದೆ. ಜೋರು ಮಾಡುವುದು ಒಂದು ಗುಂಡಿಯ ಕೆಲಸ. ಆದರೆ ಅವ್ವನಿಗಾಗಿಯೂ ಅದನ್ನು ಒತ್ತಲು ನಾನು ತಯಾರಿರಲಿಲ್ಲ. ಅಂದಿನಿಂದ ಮನೆಯಲ್ಲಿ ಅವಳೂ ಮುಖ ಊದಿಸಿಕೊಂಡಳು, ನಾನೂ ಊದಿಸಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ. ನಮ್ಮ ಮಗ್ಗ ತಟ್ಟನೆ ನಿಂತಿತು. ನೂಲು ತುಂಡಾಯಿತೆಂದು ಕೈ ಒರೆಸಿಕೊಳ್ಳುತ್ತಾ ಬಂದೆ. ನೂಲು ಸರಿಯಾಗಿಯೇ ಇತ್ತು. ಅವ್ವ ಕೈಕಟ್ಟಿ ಕೂತಿದ್ದಳು.

"ತಗಂಬಾ ನಿನ್ನ ಹಾಡು. ಅಮಾಸೆಗಂಟ ನಿನ್ನ ಈ ಮುಖ ನೋಡಾಕಾಗಲ್ಲ."

ಹೆಡ್‌ಫೋನ್ ಹಾಕಿದೆ. ಬೀದಿಯ ಬೇರೆ ಮಗ್ಗಗಳು ನಡೆಯುತ್ತಲೇ ಇದ್ದವು, ಅದಕ್ಕೆ ಕಂಬಳಿಯನ್ನೂ ತಂದು ಅವಳ ತಲೆಯ ಮೇಲೆ ಹೊದಿಸಿದೆ. "ಏ, ಸೆಕೆ ಕಣೇ!" ಎಂದು ಒಳಗಿನಿಂದ ಬೈದಳು. ಹಾಡು ಶುರುವಾದ ಮೇಲೆ ಬೈಗುಳ ನಿಂತಿತು. ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಮಗ್ಗದ ಕೆಳಗೆ ತೋಡಿದ ಗುಂಡಿಯಲ್ಲಿ ಇಳಿಬಿಟ್ಟ ಕಾಲುಗಳು ಮಾತ್ರ ಕಾಣುತ್ತಿದ್ದವು. ಕೂತರೆ ಸಾಕು ತುಳಿಯುವ ಆ ಕಾಲುಗಳು ಅಲ್ಲಾಡದೆ ಇದ್ದವು.

ನಮ್ಮ ಮನೆಯ ಸದ್ದು ನಿಂತದ್ದು ಎದುರುಮನೆಯಾಕೆಗೆ ತಿಳಿಯಿತು. ಅಲ್ಲಿಂದಲೇ ಅರ್ಧ ತೆಲುಗಿನಲ್ಲಿ ಕೂಗಿದಳು: "ಏಮ್ಮಾ, ಮಗ್ಗಂ ಆಗಿಪೋಯಿಂದಾ? ಕೆಟ್ಟೋಯ್ತಾ?"

ಅವ್ವನಿಗೆ ಅದು ಹೇಗೆ ಕೇಳಿಸಿತೋ. ಕಂಬಳಿ ಸರಿಸಿ, ಒಂದು ಕಿವಿಯಿಂದ ಹೆಡ್‌ಫೋನ್ ಎತ್ತಿ, ಬೀದಿಯ ಎಲ್ಲ ಮಗ್ಗಗಳ ಮೇಲೆ ಕೇಳುವಂತೆ ಕೂಗಿದಳು: "ಕೆಟ್ಟಿಲ್ಲ ಕಣೇ! ನಾನೇ ನಿಲ್ಸೀನಿ! ನನ್ನ ಮಗಳು ಹಾಡ್ತಾ ಅವ್ಳೆ!"

ಆಮೇಲೆ ಕಂಬಳಿಯನ್ನು ತಾನೇ ತಲೆಗೆ ಎಳೆದುಕೊಂಡು, ನನ್ನ ಕಡೆ ತಿರುಗಿ, ನಾನು ಎಂದೂ ಕೇಳಿರದಷ್ಟು ಮೆತ್ತಗೆ ಅಂದಳು: "ಮೊದ್ಲಿಂದ ಹಾಕು."