ಯಜಮಾನರ ಬದಲು ಕಚ್ಚಿದ ಬೀಜ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನನ್ನ ಯಜಮಾನರು ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಫಿ ಒಣಗಿಸುವ ಕಣ ಅವರದೇ ಉಸ್ತುವಾರಿ. ಬೀಜದ ಸಿಪ್ಪೆ ಬಿಡಿಸಿ ದವಡೆಯಲ್ಲಿಟ್ಟು ಕಚ್ಚುತ್ತಿದ್ದರು. ಹಲ್ಲು ಇಳಿದರೆ ಇನ್ನೂ ಬಿಸಿಲು ಬೇಕು. ಕಟ್ ಎಂದು ಸದ್ದಾದರೆ ಮೂಟೆಗೆ ತುಂಬಬಹುದು.

ಐವತ್ತೈದಕ್ಕೆ ಕೆಲಸ ಬಿಡುವುದು ವಾಡಿಕೆ. ಕುಶಾಲನಗರದ ಕಡೆ ನಮ್ಮದೊಂದು ತುಂಡು ಗದ್ದೆಯಿತ್ತು. ಅಲ್ಲಿಗೆ ಹೋಗುವುದೆಂದು ನಾನು ಪಾತ್ರೆ ಕಟ್ಟಲು ಶುರುಮಾಡಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಇನ್ನೆರಡು ವರ್ಷ ಇರಿ ಎಂದರು. ಇವರಿಗೂ ಆಸೆ. ಆದರೆ ದವಡೆ ಹಲ್ಲುಗಳೆಲ್ಲ ಆ ಮಳೆಗಾಲದಲ್ಲೇ ಉದುರಿದ್ದವು. ಅದನ್ನು ಅಲ್ಲಿ ಹೇಳಿರಲಿಲ್ಲ. ಹಣ್ಣು ಕೊಯ್ಯುವ ಪಿಕಿಂಗ್ ಮುಗಿಯಲಿ, ಇರುವುದೋ ಬಿಡುವುದೋ ಆಮೇಲೆ ಹೇಳುತ್ತೇನೆ ಎಂದು ಬಂದರು.

ಆ ಪಿಕಿಂಗಿನಲ್ಲಿ ರಾತ್ರಿ ಮನೆಗೆ ಬಂದು ಜೇಬಿನಿಂದ ನಾಲ್ಕು ಬೀಜ ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದರು.

"ಕಚ್ಚೇ, ನೋಡಾಣ."

"ನಂಗೇನ್ರೀ ಗೊತ್ತಾಯ್ತದೆ?"

"ನಿಂದು ಬಾಯಿ ಮಾತ್ರ ಜೋರಲ್ಲ, ಹಲ್ಲೂ ಗಟ್ಟಿ. ಕಚ್ಚು."

ಒಂದು ದಿನ ಅವರು ತಂದ ಬೀಜವನ್ನು ಒಲೆಯ ಪಕ್ಕದಲ್ಲಿಟ್ಟು ರೊಟ್ಟಿ ಬೇಯಿಸುತ್ತ ಕೂತೆ. ಆಮೇಲೆ ಕಚ್ಚಿದರೆ ಕಟ್ ಎಂದಿತು. ಮರುದಿನ ಇವರು ಮೂಟೆ ಕಟ್ಟಿಸಿದರು. ಒಲೆ ಒಣಗಿಸಿದ್ದು ನಾಲ್ಕೇ ಬೀಜ, ಕಣದ ಕಾಫಿ ಇನ್ನೂ ಹಸಿ! ಮೂಟೆ ಬಿಚ್ಚಿ ಮತ್ತೆ ಹರವಬೇಕಾಯಿತು. ಇವರು ನೇರವಾಗಿ ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿಬಿಟ್ಟರು. ಅವರು ಹೊಟ್ಟೆ ಹಿಡಿದು ನಕ್ಕರಂತೆ.

"ಹಾಗಾದ್ರೆ ರೈಟ್ರೇ, ನಿಮ್ಮ ಹಲ್ಲನ್ನ ಕಣಕ್ಕೇ ಕರ್ಕೊಂಡು ಬನ್ನಿ."

ಇವರು ಮನೆಗೆ ಬಂದು ಜಗಲಿಯಲ್ಲಿ ಕೂತು ಹೇಳಿದರು: "ನೀನು ಬರ್ತೀನಿ ಅಂದ್ರೆ ಇರ್ತೀನಿ. ಇಲ್ದಿದ್ರೆ ಗದ್ದೆಗೆ ಹೋಗಾಣ. ನಿನ್ನಿಷ್ಟ."

ಮದುವೆಯಾದಂದಿನಿಂದ ಇವರು ಕತ್ತಲಿರುವಾಗಲೇ ಹೋಗಿ ಕತ್ತಲಾದ ಮೇಲೆ ಬರುವವರು. ಇವರ ಕೆಲಸವನ್ನು ನಾನು ಕಂಡವಳೇ ಅಲ್ಲ. ಕಟ್ಟಿದ್ದ ಪಾತ್ರೆಗಳನ್ನು ಬಿಚ್ಚಿದೆ.

ಮಧ್ಯಾಹ್ನ ಇಬ್ಬರ ಬುತ್ತಿ ತೆಗೆದುಕೊಂಡು ಕಣಕ್ಕೆ ಹೋಗಿ ಅಲ್ಲೇ ಬೀಜ ಕಚ್ಚಿ ನೋಡುತ್ತಿದ್ದೆ. ಕಾಫಿ ಕೆದಕುವ ಹೆಂಗಸರು ಸುಮ್ಮನಿರುತ್ತಾರೆಯೇ? "ಅಮ್ಮಾ, ರೈಟರಿಗೆ ಅನ್ನಾನೂ ನೀವೇ ಅಗಿದು ಕೊಡೋದಾ?" ಯಜಮಾನರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಎರಡು ವರ್ಷ ಮುಗಿಸಿ ಗದ್ದೆಗೆ ಹೋದೆವು. ಮೊದಲ ಮಳೆಗಾಲ ಕಳೆಯುವ ಮುಂಚೆಯೇ ಅವರು ತೀರಿಕೊಂಡರು. ಆಗಲೇ ಕೆಲಸ ಬಿಡಿಸಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೇನೋ ಎಂದು ನೆಂಟರು ಅಂದರು. ಇರಬಹುದು. ಆದರೆ ಗದ್ದೆಯಲ್ಲಿ ಕಳೆದ ಆ ಕೆಲವು ದಿನ ಬಿಟ್ಟರೆ, ನಾವಿಬ್ಬರೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಕೂತು ಉಂಡದ್ದು ಆ ಎರಡು ವರ್ಷ ಮಾತ್ರ.